ಲೆಟರಿಂಗ್ ಕ್ಲಾಸು ಇರಲಿ

ಗ್ರಾಫಿಕ್ ಡಿಸೈನ್ ಕಲಿಯೋಕೆ ಲಲಿತಕಲಾ ಕಾಲೇಜು ಯಾಕೆ, ಶಿವಮೊಗ್ಗದಲ್ಲೇ ಯಾವುದಾದರೂ ಕಂಪ್ಯೂಟರ್ ಸೆಂಟರಿಗೆ ಸೇರಿ ಫೋಟೋಶಾಪ್, ಕೋರೆಲ್‌ಡ್ರಾ ಕಲಿತರೆ ಸಾಕಲ್ವಾ ಅಂತ ಹುಡುಗರು ಈಗಲೂ ಕೇಳುತ್ತಾರೆ. ಸಾಲದು.

ನಮ್ಮ ಲಲಿತಕಲಾ ಪದವಿ ಬಿ.ವಿ.ಎ.ಯಲ್ಲಿ ಮೊದಲ ವರ್ಷ ಫೌಂಡೇಶನ್, ಅಂದರೆ ಎಲ್ಲರಿಗೂ ಒಂದೇ ಬುನಾದಿ ಪಾಠ. ಪೇಂಟಿಂಗಿಗೆ ಹೋಗುವವರು, ಶಿಲ್ಪಕ್ಕೆ ಹೋಗುವವರು, ಅಪ್ಲೈಡ್ ಆರ್ಟ್ (ಪೋಸ್ಟರ್, ಲೋಗೋ, ಮುಖಪುಟದಂಥ ಡಿಸೈನ್ ಕೆಲಸ) ತಗೊಳ್ಳುವ ನಾವು, ಎಲ್ಲರೂ ಒಟ್ಟಿಗೆ ಕೂತು ಮಡಕೆ, ಎಲೆ, ಕೈಬೆರಳು ಬರೆಯಬೇಕು. ಮಳೆಗಾಲದಲ್ಲಂತೂ ಪೋಸ್ಟರ್ ಕಲರ್ ಬೇಗ ಒಣಗುತ್ತಲೇ ಇರಲಿಲ್ಲ. ಹಾಳೆಯನ್ನು ನೆನೆಸಿ, ನಾಲ್ಕೂ ಅಂಚಿಗೆ ಗಮ್ ಟೇಪ್ ಹಾಕಿ ಬೋರ್ಡಿಗೆ ಬಿಗಿದು, ಅದು ಒಣಗಿ ಬಿಗಿಯಾದ ಮೇಲೆ ಬಣ್ಣ ಹಚ್ಚಿದರೆ ಮಾತ್ರ ಸುರುಳಿ ಏಳದೆ ಉಳಿಯುತ್ತಿತ್ತು.

ಎರಡನೇ ವರ್ಷ ಲೆಟರಿಂಗ್, ಅಂದರೆ ಅಕ್ಷರಗಳನ್ನು ಕೈಯಲ್ಲೇ ಅಳತೆಯಾಗಿ ಚಿತ್ರಿಸುವ ಕ್ಲಾಸಿನಲ್ಲಿ ಮೇಷ್ಟ್ರು 'ತೀರ್ಥಹಳ್ಳಿ' ಅಂತ ಬರೆಯಲು ಕೊಟ್ಟರು. ನೋಡಲು ಸುಲಭ, ಬರೆಯಲು ಕೂತರೆ ಗೊತ್ತಾಗುತ್ತದೆ. ತೀ ಪಕ್ಕದಲ್ಲಿ ದೀರ್ಘ, ಥ ಪಕ್ಕದಲ್ಲಿ ಅರ್ಕಾವತ್ತು, ಹಳ್ಳಿಯ ಕೆಳಗೆ ನೇತಾಡುವ ಇನ್ನೊಂದು ಳ. ಇಂಗ್ಲಿಷ್ ಅಕ್ಷರದ ಬಾಲಕ್ಕೆ ಬಿಡುವಷ್ಟು ಜಾಗ ನಮ್ಮ ಒತ್ತಕ್ಷರಕ್ಕೆ ಸಾಲುವುದಿಲ್ಲ, ಎರಡು ಸಾಲು ಇದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ಬಡಿಯುತ್ತದೆ. ಮೇಷ್ಟ್ರು ಬ್ರಷ್ ತಗೊಂಡು ಅಕ್ಷರವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗಕ್ಕೆ ಮಾತ್ರ ಕಪ್ಪು ತುಂಬಿದರು. ಮಡಕೆಯ ಹಿಡಿಯೊಳಗಿನ ಖಾಲಿ ಜಾಗ ನೋಡಿ ಅಂತ ಹಿಂದಿನ ವರ್ಷ ಹೇಳಿದ್ದರಲ್ಲ, ಅದೇ ಪಾಠ! ಎಲ್ಲಿ ಉಸಿರುಗಟ್ಟಿದೆ, ಎಲ್ಲಿ ಸುಮ್ನೆ ಜಾಸ್ತಿ ಬಿಟ್ಟಿದ್ದೇವೆ ಅನ್ನೋದು ತಕ್ಷಣ ಕಂಡಿತು.

ಸಾಗರದ ಕಡೆ ದೀವರು ಸಮುದಾಯದವರ ಮನೆಯೊಂದಕ್ಕೂ ಹೋಗಿದ್ದೆವು, ಅವರ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಲು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬಣ್ಣ ಇಷ್ಟೇ. ಪುಂಡಿ ನಾರಿನ ಬ್ರಷ್ಷಿನಲ್ಲಿ ಆ ಅಮ್ಮ ಸ್ಕೇಲಿಲ್ಲದೆ ಎಳೆದ ಎಳೆಗಳು ಎಷ್ಟು ಸಮವಾಗಿದ್ದವು ಅಂದರೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಲೋಗೋ ಮಾಡುವಾಗ ಬಣ್ಣ ಕಡಿಮೆ ಮಾಡಿ ಅಂತ ಯಾವ ಪುಸ್ತಕ ಹೇಳಿದ್ದಕ್ಕಿಂತ ಆ ಗೋಡೆ ಚೆನ್ನಾಗಿ ಹೇಳಿತು.

ಈಗ ನಾನು ಪುಸ್ತಕಗಳ ಮುಖಪುಟ ಮಾಡುತ್ತೇನೆ. ಸ್ಕ್ರೀನಿನ ಮೇಲೆ ಹೊಳೆಯುವ ಗದ್ದೆಯ ಹಸಿರು ಪ್ರೆಸ್ಸಿನಲ್ಲಿ ಸಯಾನ್ (ಹಸಿರು ಛಾಯೆಯ ನೀಲಿ), ಹಳದಿ ಶಾಯಿಯಲ್ಲಿ ಮಂಕಾಗುತ್ತದೆ ಅಂತ ಮೊದಲೇ ಅಂದಾಜಾಗುವುದು ಕೈಯಾರೆ ಬಣ್ಣ ಬೆರೆಸಿದ್ದರಿಂದ.

ಕೈಬರಹದ ಲೆಟರಿಂಗ್ ಇನ್ನು ಯಾಕೆ ಅಂತ ಎಲ್ಲ ಕಡೆ ಮಾತು ಶುರುವಾಗಿದೆ. ನಮ್ಮ ಕಾಲೇಜಿನಲ್ಲಿ ದಯವಿಟ್ಟು ಅದನ್ನು ತೆಗೆಯಬೇಡಿ. ಹೇಳಿಕೊಡುವವರು ಸಿಗದಿದ್ದರೆ ಒಂದು ಫೋನ್ ಮಾಡಿ, ಶನಿವಾರ ನಾನೇ ಬರುತ್ತೇನೆ.