ಫಾರಿನ್ ರೊಕ್ಕ ಬರ್ತದ ಅಂತ ಹೇಳಿ ಸಿಕ್ಕೊಂಡಿದ್ದು

ಹುಬ್ಬಳ್ಳಿ ದುರ್ಗದಬೈಲ್ ಕಡೆ ನಮ್ದೊಂದು ಸಣ್ಣ ಆಫೀಸ್ ಅದರೀ, ಟ್ಯಾಕ್ಸ್ ರಿಟರ್ನ್, ಮ್ಯೂಚುವಲ್ ಫಂಡ್, ಈಗೀಗ ಮಂದಿ ಸರಕಾರಿ ಬಾಂಡ್ ನೇರ ತಗೊಳ್ಳಾಕ ಆರ್‌ಬಿಐ ರಿಟೇಲ್ ಡೈರೆಕ್ಟ್ ಅಕೌಂಟ್ ತೆಗೆದುಕೊಡೋದು. 2025ರ ಮೇ ತಿಂಗಳದಾಗ ರೇಲ್ವೆಯಿಂದ ರಿಟೈರ್ ಆದ ಕಾಕಾ ಒಬ್ರು ಬಂದು "ತಮ್ಮಾ, 5 ಲಕ್ಷ ಅದ, ಎಫ್‌ಡಿ ಬಡ್ಡಿ ಇಳಿಯಾಕತ್ತದ, ಎಲ್ಲಿ ಇಡ್ಲಿ" ಅಂದ್ರು. ನಾ ಭಾಳ ಶ್ಯಾಣ್ಯಾ ನೋಡ್ರಿ, 30 ವರ್ಷದ ಸರಕಾರಿ ಬಾಂಡ್ ಹರಾಜಿನ್ಯಾಗ ತಗೋರಿ ಅಂದೆ, ಫಾರಿನ್ ಫಂಡ್‌ನವರು ನೋಡಿ ರೊಕ್ಕ ಹಾಕೋ ಜೆಪಿ ಮಾರ್ಗನ್ ಬಾಂಡ್ ಇಂಡೆಕ್ಸ್‌ನ್ಯಾಗ ನಮ್ಮ ಬಾಂಡ್ ಸೇರ್ಯಾವು, 2024ರ ಜೂನ್‌ದಿಂದ ನಮ್ಮ ಪಾಲು ತಿಂಗಳಿಗೆ ಶೇ. 1ರಂಗ ಶೇ. 10ರತನಕ ಏರಿಸ್ಯಾರ, ಫಾರಿನ್ ಮಂದಿ ತಗೊಳ್ಳೋದು ತಗೊಳ್ಳೋದ ಅದ, ಮ್ಯಾಲ ರೆಪೋ, ಅಂದ್ರ ಬ್ಯಾಂಕಿಗೆ ಆರ್‌ಬಿಐ ಸಾಲ ಕೊಡೋ ಬಡ್ಡಿ, ಬ್ಯಾರೆ ಇಳಿತದ, ಬಡ್ಡಿ ಇಳಿದ್ರ ಬಾಂಡ್ ರೇಟ್ (ಬೆಲೆ) ಏರೇ ಏರ್ತದ ಅಂತ ಒಂದ ಉಸುರಿನ್ಯಾಗ ಹೇಳಿಬಿಟ್ಟೆ. ಕಾಕಾ ನಂಬಿದ್ರು. ಶುಕ್ರವಾರ ಹರಾಜು, ಸೋಮವಾರ ಪೇಪರ್, ಅಂದ್ರ ಬಾಂಡ್, ಅಕೌಂಟಿಗೆ ಬಂತು.

ಜೂನ್ 6ಕ್ಕ ಆರ್‌ಬಿಐ ರೆಪೋ ಅರ್ಧ ಪರ್ಸೆಂಟ್ ಇಳಿಸಿ 5.50 ಮಾಡ್ತು. ನಾ ಪೇಢೆ ತರಿಸಬೇಕಂತಿದ್ದೆ, ಆದ್ರ ನಿಲುವು ನ್ಯೂಟ್ರಲ್ ಅಂದಬಿಟ್ರು, ಅಂದ್ರ ಮುಂದ ಭಾಳ ಇಳಿಸೂದಿಲ್ಲ ಅಂತ ಮಾರ್ಕೆಟ್ ತಿಳ್ಕೊಂತು, ಉದ್ದನೆ, ಅಂದ್ರ ಭಾಳ ವರ್ಷದ ಬಾಂಡ್ ರೇಟ್ ಉಲ್ಟಾ ಬಿದ್ವು. 30 ವರ್ಷದ ಪೇಪರ್‌ದಾಗ ಯೀಲ್ಡ್ (ಈಗಿನ ಬೆಲೆಗೆ ತಗೊಂಡವ್ರಿಗೆ ಬೀಳೋ ಆದಾಯದ ದರ) ಕಾಲು ಪರ್ಸೆಂಟ್ ಏರಿದ್ರ ನೂರು ರೂಪಾಯಿಗೆ ಹತ್ರಹತ್ರ 3 ರೂಪಾಯಿ ಹೋಗ್ತದ, 5 ಲಕ್ಷಕ್ಕ ಅಂದ್ರ 15 ಸಾವಿರ. ಕಾಕಾಗ ಅದ ಹೊತ್ತಿಗೆ ಮನಿ ಕೆಲಸಕ್ಕ ರೊಕ್ಕ ಬೇಕಾತು, ಮಾರಿಕೊಡು ಅಂದ್ರು. ನಷ್ಟ ನೋಡಿ ಬೈಲಿಲ್ಲ, ಸುಮ್ನ "ಫಾರಿನ್ ಮಂದಿ ಎಲ್ಲಿ ಹೋದ್ರೋ ತಮ್ಮಾ" ಅಂದ್ರು. ಬೈದಿದ್ರ ಛಲೋ ಇತ್ತು.

ಆವತ್ತು ನಮ್ಮ ಸಾಹೇಬ್ರು ನನಗ ಕೇಳಿದ್ದು ಒಂದ ಮಾತು, ಎಫ್‌ಎಆರ್ ಪಟ್ಟಿ ನೋಡಿದ್ಯೇನ? ನೋಡಿರಲಿಲ್ಲ. ಫಾರಿನ್‌ದವರು ಮಿತಿ ಇಲ್ಲದ ತಗೋಬಹುದಾದ ಪೇಪರ್‌ಗಳ ಪಟ್ಟಿ ಅದು, 2020ರಾಗ ಶುರು ಆದದ್ದು, ಇಂಡೆಕ್ಸ್‌ನ್ಯಾಗ ಹೋಗೋದು ಆ ಪಟ್ಟಿಯೊಳಗಿನವ. 2024ರ ಜುಲೈ 29ಕ್ಕ ಆರ್‌ಬಿಐ ಹೊಸಾ 14 ವರ್ಷದ್ದು, 30 ವರ್ಷದ್ದು ಅದ್ರಿಂದ ಹೊರಗ ಇಟ್ಟಿತ್ತು, ಹಳೇವು ಉಳಿದ್ವು. ನಾ ಕಾಕಾಗ ಕೊಡಿಸಿದ್ದು ಹೊಸಾದು! ಇಂಥ ಉದ್ದನೆ ಪೇಪರ್ ಖರೇನ ತಗೊಳ್ಳವ್ರು ಇಲ್ಲಿಯ ಇನ್ಶೂರೆನ್ಸ್, ಪಿಎಫ್, ಪೆನ್ಶನ್ ಫಂಡ್‌ನವರು, ಅವರ ಕೈ ಬಿಗಿ ಆದ್ರ ಹರಾಜಿನ್ಯಾಗ ಕಡಿಮಿ ರೇಟಿಗೆ ಕೇಳ್ತಾರ. 2025ರ ಸೆಪ್ಟೆಂಬರ್‌ನ್ಯಾಗ ಸರಕಾರನ ಉದ್ದನೆ ಬಾಂಡ್ ಪಾಲು ಕಡಿಮಿ ಮಾಡ್ತು.

ಈಗ ಯಾರರ ಬಂದ್ರ ಮೊದ್ಲ ಪಟ್ಟಿ ತೆಗಿತೀನಿ, ಆಮ್ಯಾಲ ರೊಕ್ಕ ಯಾವಾಗ ಬೇಕ್ರಿ ಅಂತ ಕೇಳ್ತೀನಿ. ಕಾಕಾ ಅರ್ಧಾನ ಮಾರಿದ್ರು. ಉಳಿದದ್ದಕ್ಕ ಆರು ತಿಂಗಳಿಗೊಮ್ಮೆ ಬಡ್ಡಿ ಬಿದ್ದಾಗ ಫೋನ್ ಮಾಡ್ತಾರ, "ಇದು ಫಾರಿನ್‌ದೋ, ನಮ್ಮ ಸರಕಾರದ್ದೋ?"