ಕುಂಜೂರು ಚೌಕಿ ಮನೆಯ ಹೊಸ್ತಿಲಲ್ಲಿ

ಹೊಸ್ತಿಲ ಮುಂದೆ ಅಮ್ಮ ನಿಂತುಬಿಟ್ಟರು. ತಲೆ ತಗ್ಗಿಸಿ ಬನ್ನಿ ಎಂದು ಮಾರ್ಗದರ್ಶಿ ಹುಡುಗಿ ಎರಡು ಸಲ ಕರೆದರೂ ಕದಲಲಿಲ್ಲ. ದಾರಂದದ ಮೇಲೆ ಕೈಯಿಟ್ಟು ಗೇಣಿನಲ್ಲಿ ಅದರ ಅಗಲ ಅಳೆದರು. “ನಮ್ಮದು ಇದಕ್ಕಿಂತ ಅರ್ಧ ಗೇಣು ಕಿರಿದು,” ಎಂದರು.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ನಾನು ಅಮ್ಮನನ್ನು ಕರೆದೊಯ್ದದ್ದು ನವಾಬ್ ಮಹಲ್ ತೋರಿಸಲೆಂದು. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಅಳಿದುಹೋಗಲಿದ್ದ ಹಳೆಯ ಮನೆಗಳನ್ನು ಊರೂರಿನಿಂದ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಮುಧೋಳದ ಘೋರ್ಪಡೆ ಅರಸರ ದರ್ಬಾರು, ಕುಕನೂರಿನ ಕಮಲ ಮಹಲ್, ನಮ್ಮ ಕರಾವಳಿಯ ಮಿಯಾರು ಮನೆ ಈಗ ಒಂದೇ ಆವರಣದ ನೆರೆಹೊರೆ.

ನವಾಬ್ ಮಹಲ್‌ನ ವೈಭವಕ್ಕೆ ಎರಡು ಮಾತಿಲ್ಲ. ದಖನಿ ಠೀವಿ, ಯುರೋಪಿನ ಗೊಂಚಲು ದೀಪ, ಬಣ್ಣದ ಗಾಜು ಎಲ್ಲವೂ ಒಂದೇ ಸೂರಿನಡಿ. ಗಾಜಿನ ಬೆಳಕು ನನಗೆ ಬಹಳ ಹಿಡಿಸಿತು. ಕಣ್ಣಿಗೆ ಬಿಡುವು ಕೊಡದಂತೆ ತುಂಬಿದ ಸಾಮಾನು ಹಿಡಿಸಲಿಲ್ಲ. ಅಮ್ಮ ಒಂದು ಸುತ್ತು ನೋಡಿ, “ಇಷ್ಟನ್ನೂ ದಿನಾ ಒರೆಸುತ್ತಿದ್ದವರು ಯಾರೋ,” ಎಂದಷ್ಟೇ ಹೇಳಿದರು.

ಕುಂದಾಪುರದಲ್ಲಿ ಹತ್ತಿದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು, ಎಪ್ಪತ್ತಾರರ ಅಮ್ಮ ಒಂದೂವರೆ ಗಂಟೆ ಬಿಸಿಲಿನಲ್ಲಿ ನಿಲ್ಲಬೇಕಾಯಿತು. ಒಂದು ಮಾತು ಹೇಳುವ ಸೌಜನ್ಯವೂ ನಿರ್ವಾಹಕನಿಗೆ ಇರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಲ್ಲಿ ಮಾರ್ಗದರ್ಶಿಯ ಜೊತೆ ಒಂದೊಂದೇ ಮನೆ ನೋಡುತ್ತ ಹೋಗಬೇಕು, ಹೊತ್ತು ಹಿಡಿಯುತ್ತದೆ. ಹಿರಿಯರು ಜೊತೆಗಿದ್ದರೆ ಬಾಡಿಗೆ ಕಾರು ಮಾಡಿಕೊಂಡು ಬೆಳಿಗ್ಗೆಯೇ ಹೋಗಿ.

ಕುಂಜೂರು ಮನೆ 1816ರದ್ದು. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ, ಮರದ ಕಂಬ, ಮುಚ್ಚಿಗೆ. ನವಾಬರ ಗೊಂಚಲು ದೀಪಗಳಿಗಿಂತ ಈ ಅಂಗಳಕ್ಕೆ ಇಳಿಯುವ ಬೆಳಕೇ ಹೆಚ್ಚು ಚೆಂದ ಎಂದು ನನಗನ್ನಿಸಿತು. ಕೊನೆಗೂ ಒಳಗೆ ಬಂದ ಅಮ್ಮ ಆ ಹುಡುಗಿಯನ್ನು ಕೇಳಿದರು: “ಬಿಚ್ಚಿದ ಮೇಲೆ ಯಾವ ತೊಲೆ ಎಲ್ಲಿಗೆ ಎಂದು ಗೊತ್ತಾಗುವುದು ಹೇಗಮ್ಮ?”

“ಮೊದಲು ನಕ್ಷೆ ಬರೆದುಕೊಂಡು, ಪ್ರತಿ ತುಂಡಿಗೂ ಸಂಖ್ಯೆ ಹಾಕುತ್ತಾರೆ ಅಜ್ಜಿ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮ ಕಂಬಗಳಿಗೂ ಸಂಖ್ಯೆ ಹಾಕಿದ್ದರು. ಮರದ ವ್ಯಾಪಾರಿ, ಸೀಮೆಸುಣ್ಣದಲ್ಲಿ. ಯಾವುದಕ್ಕೆ ಎಷ್ಟು ರೂಪಾಯಿ ಎಂದು.”

ತವರು ಮನೆ ಕೆಡವಿದ್ದು ನನಗೆ ಗೊತ್ತಿತ್ತು. ಆ ದಿನ ಅಮ್ಮ ಅಲ್ಲಿದ್ದರೆಂದು ಗೊತ್ತಿರಲಿಲ್ಲ.

“ದೊಡ್ಡ ಮಾವನಿಗೆ ನೀವು ಏನೂ ಹೇಳಲಿಲ್ಲವೇ?”

“ಏನು ಹೇಳಲಿ? ಮಾಡು ಸೋರುತ್ತಿತ್ತು, ಹೆಂಚು ಹೊದಿಸಲು ಅವನ ಹತ್ತಿರ ದುಡ್ಡಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು ಎಂದು ನಮಗೆ ಯಾರು ಹೇಳಿದ್ದರು?”

ಮುಂದಿನ ಮನೆಗೆ ಕರೆ ಬಂತು. ಅಮ್ಮ ಹುಡುಗಿಯ ಒಪ್ಪಿಗೆ ಕೇಳಿಕೊಂಡು ಜಗಲಿಯ ಅಂಚಿನಲ್ಲಿ ಕುಳಿತರು, ನಾನೂ ಹೋಗಲಿಲ್ಲ. ಅವರು ಬೆರಳು ತೋರಿಸುತ್ತ ಹೋದರು: ಅಲ್ಲಿ ಭತ್ತ ತುಂಬುವ ಪತ್ತಾಯ, ಇಲ್ಲಿ ಅಜ್ಜಯ್ಯ ಮಲಗುತ್ತಿದ್ದ ಮಂಚ, ಆ ಮೂಲೆಯಲ್ಲಿ ಬಾಣಂತಿ ಕೋಣೆ.

“ನೀನು ಹುಟ್ಟಿದ್ದು ಅಲ್ಲಿ,” ಎಂದರು.