ಶಹಾಪುರದಲ್ಲಿ ಉಳಿದ ಒಂದು ಮಗ್ಗ

ಹೋದ ಶನಿವಾರ ಬೆಳಗಾವಿಯ ಶಹಾಪುರಕ್ಕೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ. ನಾಥ ಪೈ ಸರ್ಕಲ್ ಹತ್ತಿರ ಆಟೋ ಇಳಿದು, ಸುಮ್ನೆ ಗಲ್ಲಿ ಗಲ್ಲಿ ನಡೆದೆ.

ಒಂದು ಕಾಲಕ್ಕೆ ಶಹಾಪುರ ಬೆಳಗಾವಿಗೆ ಸೇರಿರಲಿಲ್ಲ. ಆ ಕಡೆ ಬ್ರಿಟಿಷರದ್ದು, ಈ ಕಡೆ ಸಾಂಗಲಿ ಸಂಸ್ಥಾನ. ನಮ್ಮಜ್ಜಿ ಕೊನೆವರೆಗೂ ಗಣಪತ್ ಗಲ್ಲಿಗೆ ಹೊರಟರೆ "ಬೆಳಗಾವಿಗೆ ಹೋಗಿ ಬರ್ತೀನಿ" ಅಂತಲೇ ಅನ್ನುತ್ತಿದ್ದಳು. ನಡೆದರೆ ಅರ್ಧ ಗಂಟೆಯೂ ಇಲ್ಲ! ಸೀರೆಗೆ, ಬಂಗಾರದ ಕೆಲಸಕ್ಕೆ ಹೆಸರಾದ ಪೇಟೆ ನಮ್ಮದು. ನಮ್ಮ ಮನೆಯಲ್ಲಿ ಬಂಗಾರ ಇರಲಿಲ್ಲ, ಎರಡು ಮಗ್ಗ ಇದ್ದವು.

ಬಾಡಿಗೆ ಮನೆ ಅದು. ಮುಂದೆ ಕಟ್ಟೆ, ನಡುವೆ ಅಡುಗೆ ಮನೆ, ಹಿಂದೆ ಮಗ್ಗ. ಅವ್ವ ಕಟ್ಟೆ ಮೇಲೆ ಕೂತು, ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ರಾತ್ರಿ ಕರೆಂಟ್ ಹೋಗಿ ಮಗ್ಗ ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಸದ್ದಿಗಲ್ಲ, ಸದ್ದು ನಿಂತಿದ್ದಕ್ಕೆ.

2019ರ ಆಗಸ್ಟ್ ಮಳೆಗೆ ಮಗ್ಗದ ಕೋಣೆಗೆ ನೀರು ನುಗ್ಗಿತು. ಹಾಸಿನ ನೂಲೆಲ್ಲ ಹಾಳಾಯಿತು. ಮುಂದಿನ ವರ್ಷ ಲಾಕ್‌ಡೌನ್. ಅದು ಮುಗಿಯೋದರೊಳಗೆ ಮಾಲೀಕರು ಮನೆ ಮಾರಿದರು. ಅದೇ ಗಲ್ಲಿಯಲ್ಲಿ ಬೇರೆ ಮನೆ ಕೇಳಿದೆವು. ಬಾಡಿಗೆ ಮೂರು ಪಟ್ಟು ಜಾಸ್ತಿ. ಕೊಡ್ತೀವಿ ಅಂದರೂ "ಮಗ್ಗ ಮಾತ್ರ ಬ್ಯಾಡ್ರಿ, ಮ್ಯಾಲಿನ ಮನಿಯವರಿಗೆ ತ್ರಾಸ ಆಗ್ತೈತಿ" ಅಂದರು. ನೇಕಾರರ ಗಲ್ಲಿಯಲ್ಲಿ!

ನಮ್ಮ ಹಳೇ ಮನೆ ಈಗ ಕಾಫಿ ಅಂಗಡಿ. ಹಂಚು ಹಾಗೇ ಇದೆ. ತೇಗದ ಬಾಗಿಲಿಗೆ ಪಾಲಿಶ್ ಹಚ್ಚಿದ್ದಾರೆ, ನಿಜವಾಗಿಯೂ ಚೆಂದ ಕಾಣುತ್ತದೆ. ಗೋಡೆಗೆ ಒಂದು ಲಾಳಿ ತೂಗು ಹಾಕಿದ್ದಾರೆ. ಹತ್ತಿರ ಹೋಗಿ ನೋಡಿದೆ. ಎರಡೂ ತುದಿಯ ಲೋಹದ ಮೊನೆ ಹೊಳೆಯುತ್ತಿತ್ತು. ದುಡಿದ ಲಾಳಿಯ ಮೈ ಸವೆದು ನುಣ್ಣಗಾಗಿರುತ್ತದೆ. ಇದರ ಮರ ಒರಟಾಗಿತ್ತು, ಒಂದು ಎಳೆ ನೂಲನ್ನೂ ಕಂಡದ್ದಲ್ಲ. ಕಟ್ಟೆ ಇರಲಿಲ್ಲ. ಅಲ್ಲಿ ಬೈಕ್ ನಿಲ್ಲಿಸುತ್ತಾರೆ. ಹಂಚು ಉಳಿಸಿದವರಿಗೆ ಕಟ್ಟೆ ಉಳಿಸೋದು ಕಷ್ಟವಿತ್ತೇ? ನನಗೆ ಅಲ್ಲಿ ಕೂರಲು ಆಗಲಿಲ್ಲ.

ಮುಂದಿನ ಎರಡು ಗಲ್ಲಿಯಲ್ಲೂ ಅಪಾರ್ಟ್‌ಮೆಂಟ್, ಗೇಟು, ಕಾರು. ನಮ್ಮ ಪರಿಚಯದವರೆಲ್ಲ ವಡಗಾವಿ, ಖಾಸಬಾಗದ ಕಡೆ ಹೋಗಿದ್ದಾರೆ. ಕೆಲವರು ಮಗ್ಗವನ್ನೇ ಗುಜರಿಗೆ ಹಾಕಿದರು. ಅಪ್ಪನೂ ಹಾಕಿದರು. ತೂಕ ಮಾಡುವಾಗ ನಾನು ಅಲ್ಲೇ ಇದ್ದೆ.

ವಾಪಸ್ ಹೊರಟಾಗ ಕೇಳಿಸಿತು. ಖಟ್ ಖಟ್, ಖಟ್ ಖಟ್. ಮಂದವಾಗಿ, ಹಾಸಿಗೆಯೊಳಗಿಂದ ಬಂದಂತೆ. ಸಂದಿಯಲ್ಲಿ ಒಂದು ಗಿಡ್ಡ ಮನೆ. ಕಿಟಕಿಗೆಲ್ಲ ಗೋಣಿಚೀಲ ತುರುಕಿದ್ದರು. ಬಾಗಿಲು ಬಡಿದೆ. ಮಗ್ಗ ತಟ್ಟನೆ ನಿಂತಿತು.

ಬಾಗಿಲು ತೆರೆದ ಅಕ್ಕನ ಸೆರಗಿನ ತುಂಬ ನೂಲಿನ ಧೂಳು. "ಗದ್ದಲ ಆಗಾಕತ್ತೈತೇನ್ರಿ? ಬಂದ್ ಮಾಡ್ತೀನ್ರಿ" ಅಂದರು.

"ಇಲ್ರಿ ಅಕ್ಕಾ. ಕೇಳಾಕ ಬಂದೀನಿ. ಹಚ್ರಿ" ಅಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಕರೆದು ಮಗ್ಗ ಶುರು ಮಾಡಿದರು. ಕಂಡಿಕೆ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದೆ.